ಕಂಪನಿಗೆ ಸಿಕ್ಕ ಬಾಗಿಲು

ಕೊಪ್ಪಳದ ಕೋಟೆಯನ್ನು 1786ರ ನಂತರ ಟಿಪ್ಪು ಸುಲ್ತಾನ ಫ್ರೆಂಚ್ ಎಂಜಿನಿಯರುಗಳ ನೆರವಿನಿಂದ ಭದ್ರಪಡಿಸಿದ. 1790-91ರಲ್ಲಿ ಅದಕ್ಕೆ ಮುತ್ತಿಗೆ ಬಿತ್ತು. ಬಂಡೆಗುಡ್ಡದ ಮೇಲಿನ ಕೋಟೆ ಬೇಗ ಬಗ್ಗಲಿಲ್ಲ, ಮುತ್ತಿಗೆ ತಿಂಗಳುಗಟ್ಟಲೆ ನಡೆಯಿತು. ಮುತ್ತಿಗೆ ಹಾಕಿದವರು ಇಬ್ಬರು. ಒಬ್ಬ ಹೈದರಾಬಾದಿನ ನಿಜಾಮ. ಇನ್ನೊಬ್ಬರು ಯಾವ ಸಿಂಹಾಸನದ ಮೇಲೂ ಕೂತವರಲ್ಲ. ಲಂಡನ್ನಿನಲ್ಲಿ ಷೇರುದಾರರಿಂದ ಹಣ ಕೂಡಿಸಿ ಮೆಣಸು, ಬಟ್ಟೆ, ಚಹಾ ವ್ಯಾಪಾರ ಮಾಡುತ್ತಿದ್ದ ಒಂದು ಕಂಪನಿ.

1792ರ ಮಾರ್ಚ್ 18ರಂದು ಶ್ರೀರಂಗಪಟ್ಟಣದ ಒಪ್ಪಂದವಾಯಿತು. ಒಂದು ಕಡೆ ಟಿಪ್ಪು, ಎದುರಿಗೆ ನಿಜಾಮ, ಪೇಶ್ವೆ ಮತ್ತು ಈಸ್ಟ್ ಇಂಡಿಯಾ ಕಂಪನಿ. ಮೈಸೂರು ರಾಜ್ಯದ ಅರ್ಧದಷ್ಟು ನೆಲ ಕೈಬಿಟ್ಟಿತು, ಟಿಪ್ಪುವಿನ ಇಬ್ಬರು ಮಕ್ಕಳು ಒತ್ತೆಯಾಳಾಗಿ ಹೋದರು. ದೊರೆಗಳ ಸಾಲಿನಲ್ಲಿ ಸಮನಾಗಿ ಕೂತು ಒಂದು ವ್ಯಾಪಾರಿ ಸಂಸ್ಥೆ ನೆಲ ಹಂಚಿಕೊಂಡಿತು. ಇವತ್ತು ಕಾನೂನು ಕಾಲೇಜುಗಳಲ್ಲಿ ‘ಅಂತರರಾಷ್ಟ್ರೀಯ ಕಾನೂನಿನಲ್ಲಿ ಕಂಪನಿಯ ಸ್ಥಾನವೇನು’ ಎಂದು ಪಾಠ ಮಾಡುತ್ತಾರೆ. ಕೊಪ್ಪಳದವರು ಆ ಪಾಠವನ್ನು ತೋಪಿನ ಸದ್ದಿನಲ್ಲೇ ಕೇಳಿದ್ದರು.

ಕಂಪನಿಯ ವಿರುದ್ಧ ಬಂಡೆದ್ದ ಮುಂಡರಗಿ ಭೀಮರಾಯ ಇದೇ ಕೊಪ್ಪಳದ ಕೋಟೆಯಲ್ಲಿ ಹೋರಾಡಿ ಮಡಿದದ್ದು 1858ರಲ್ಲಿ. ಅದೇ ವರ್ಷ ಕಂಪನಿಯ ಆಳ್ವಿಕೆ ಮುಗಿದು ಅಧಿಕಾರ ಬ್ರಿಟನ್ನಿನ ರಾಣಿಯ ಕೈಗೆ ಹೋಯಿತು. 1874ರ ಜೂನ್ 1ರಂದು ಕಂಪನಿಯೇ ವಿಸರ್ಜನೆಯಾಯಿತು. ಆಮೇಲೆ ಬಂದ ಕಾನೂನು ಪಂಡಿತರು ಒಂದು ಗೆರೆ ಎಳೆದರು. ದೇಶ ದೇಶಗಳ ನಡುವಿನ ಕಾನೂನಿನಲ್ಲಿ ಮಾತಾಡುವ ಹಕ್ಕು ದೇಶಗಳಿಗೆ ಮಾತ್ರ. ಕಂಪನಿ ಎಷ್ಟು ದೊಡ್ಡದಾದರೂ ಬಾಗಿಲ ಹೊರಗೇ ನಿಲ್ಲಬೇಕು. ಹಾಗೆ ಹೊರಗೆ ನಿಂತ ಕಂಪನಿ ನೂರಕ್ಕೂ ಹೆಚ್ಚು ವರ್ಷದ ನಂತರ ಮತ್ತೆ ಒಳಗೆ ಬಂತು. ಈ ಸಲ ತೋಪು ಬೇಕಾಗಲಿಲ್ಲ, ಒಪ್ಪಂದದ ಒಂದು ಕಲಮಿನ ಬಲ ಸಾಕಾಯಿತು. ಆ ಕಲಮಿನ ಬಲ ಪತ್ತೆಯಾದ ಕತೆ ಇದು.

ಮೊದಲು ಒಂದು ಮಾತು ಸ್ಪಷ್ಟವಾಗಬೇಕು. ಕೈಕಾಲಿಲ್ಲದ ಕಂಪನಿ ಕಾನೂನಿನ ಕಣ್ಣಿಗೆ ‘ವ್ಯಕ್ತಿ’ ಆಗುವುದು ಹೇಗೆ? ನಮ್ಮ ಕಡೆಯವರಿಗೆ ಇದು ಹೊಸದಲ್ಲ. ಯಲಬುರ್ಗಾ ಸೀಮೆಯ ಎಷ್ಟೋ ಹಳ್ಳಿಗಳಲ್ಲಿ ಪಹಣಿ ತೆಗೆಸಿ ನೋಡಿದರೆ ಒಂದೆರಡು ಸರ್ವೆ ನಂಬರಿನ ಖಾತೆದಾರರ ಕಾಲಮಿನಲ್ಲಿ ಮನುಷ್ಯರ ಹೆಸರಿರುವುದಿಲ್ಲ, ಊರ ದೇವರ ಹೆಸರಿರುತ್ತದೆ. ಹೊಲ ದೇವರದು. ಲಾವಣಿ ಹಾಕಿಕೊಳ್ಳುವವರು, ಫಸಲು ಅಳೆಯುವವರು, ಕೋರ್ಟಿಗೆ ಅಲೆಯುವವರು ಬೇರೆ. ಆದರೆ ದಾವೆ ದೇವರ ಹೆಸರಿನಲ್ಲೇ ನಡೆಯುತ್ತದೆ. ವಿಗ್ರಹ ಕಾನೂನಿನ ವ್ಯಕ್ತಿ ಎಂದು ಪ್ರಿವಿ ಕೌನ್ಸಿಲ್ 1925ರಲ್ಲೇ ಹೇಳಿತ್ತು. ಕಂಪನಿಯೂ ಅಂಥದೇ ವ್ಯಕ್ತಿ. ಸಹಿ ಹಾಕುವ ಕೈ ಡೈರೆಕ್ಟರರದು, ಹೆಸರು ಮತ್ತು ಆಸ್ತಿ ಕಂಪನಿಯದು.

ಇನ್ನೊಂದು ಹೆಜ್ಜೆ ಮುಂದೆ ಹೋಗೋಣ. ಗಂಗಾವತಿಯ ಒಬ್ಬರು ತಮ್ಮ ರೈಸ್ ಮಿಲ್ಲನ್ನು ಪ್ರೈವೇಟ್ ಲಿಮಿಟೆಡ್ ಕಂಪನಿಯ ಹೆಸರಿಗೆ ಮಾಡಿ, ಷೇರನ್ನೆಲ್ಲ ಮನೆಯವರಲ್ಲೇ ಇಟ್ಟುಕೊಂಡರು ಅಂದುಕೊಳ್ಳಿ. ನಾಳೆ ಗೋದಾಮು ಸುಟ್ಟರೆ ನಷ್ಟವಾದದ್ದು ಯಾರಿಗೆ? ಮನೆಯವರು ‘ನಮಗೆ’ ಅನ್ನುತ್ತಾರೆ. ಕಾನೂನು ‘ಕಂಪನಿಗೆ’ ಅನ್ನುತ್ತದೆ. ಭತ್ತದ ಚೀಲ ಕಂಪನಿಯದು. ಷೇರುದಾರರ ಕೈಯಲ್ಲಿರುವುದು ಷೇರು ಮಾತ್ರ. 1896ರ ಸಾಲೊಮನ್ ತೀರ್ಪಿನಲ್ಲಿ ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ ಗಟ್ಟಿ ಮಾಡಿದ ಈ ತತ್ವವೇ ನಮ್ಮ ಕಂಪನಿ ಕಾನೂನಿನ ಬುನಾದಿ. ಮುಂದಿನ ಕತೆಯ ಗಂಟೂ ಇಲ್ಲೇ ಇದೆ.

ಬಾಗಿಲು ತಟ್ಟಿದ ಮೊದಲ ದೊಡ್ಡ ಸದ್ದು 1951ರಲ್ಲಿ ಕೇಳಿತು. ಇರಾನಿನ ಪ್ರಧಾನಿ ಮೊಸಾದೆಗ್ ದೇಶದ ತೈಲವನ್ನು ರಾಷ್ಟ್ರೀಕರಣ ಮಾಡಿದರು. ಕಳೆದುಕೊಂಡದ್ದು ಆಂಗ್ಲೋ-ಇರಾನಿಯನ್ ಆಯಿಲ್ ಕಂಪನಿ. ಕಂಪನಿಗೆ ತಾನೇ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಗುವ ಹಕ್ಕಿರಲಿಲ್ಲ, ಅದರ ಪರವಾಗಿ ಬ್ರಿಟನ್ ಹೋಯಿತು. ಇರಾನ್ ಸರ್ಕಾರ 1933ರಲ್ಲಿ ಕಂಪನಿಗೆ ಕೊಟ್ಟ ಗುತ್ತಿಗೆ ಪತ್ರ ಎರಡು ದೇಶಗಳ ನಡುವಿನ ಒಪ್ಪಂದವೂ ಹೌದು ಎಂಬುದು ಬ್ರಿಟನ್ನಿನ ವಾದ.

ಆಗ ಆ ನ್ಯಾಯಾಲಯದಲ್ಲಿ ನಮ್ಮ ನೆಲದವರೊಬ್ಬರಿದ್ದರು. ಮಂಗಳೂರು ಮೂಲದ ಸರ್ ಬೆನಗಲ್ ನರಸಿಂಗ ರಾವ್, ಸಂವಿಧಾನ ಸಭೆಗೆ ಸಲಹೆಗಾರರಾಗಿದ್ದವರು. 1952ರಲ್ಲಷ್ಟೇ ನ್ಯಾಯಾಧೀಶರಾಗಿ ಹೇಗ್‌ಗೆ ಬಂದಿದ್ದರು. ಆದರೆ ಈ ಮೊಕದ್ದಮೆಯ ಪೀಠದಲ್ಲಿ ಅವರು ಕೂರಲಿಲ್ಲ. ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಇದೇ ತಂಟೆ ಚರ್ಚೆಗೆ ಬಂದಾಗ ಭಾರತದ ಪ್ರತಿನಿಧಿಯಾಗಿ ಕೂತಿದ್ದವರು ತಾವೇ, ಹಾಗಾಗಿ ಈಗ ನ್ಯಾಯ ಹೇಳುವುದು ಸರಿಯಲ್ಲವೆಂದು ಹಿಂದೆ ಸರಿದರು. 1952ರ ಜುಲೈ 22ರಂದು ತೀರ್ಪು ಬಂತು. ಆ ಪತ್ರ ಒಂದು ಸರ್ಕಾರ ಮತ್ತು ಒಂದು ಪರದೇಶಿ ಕಂಪನಿಯ ನಡುವಿನ ಕರಾರು ಮಾತ್ರ, ಈ ವ್ಯಾಜ್ಯ ಕೇಳುವ ಅಧಿಕಾರ ತನಗಿಲ್ಲ ಎಂದು ನ್ಯಾಯಾಲಯ ಹೇಳಿತು. ನ್ಯಾಯಾಲಯದ ಅಧ್ಯಕ್ಷರಾಗಿದ್ದ ಬ್ರಿಟನ್ನಿನ ಸರ್ ಆರ್ನಾಲ್ಡ್ ಮೆಕ್‌ನೇರ್ ಕೂಡ ತಮ್ಮ ದೇಶದ ವಿರುದ್ಧವೇ ನಿಂತರು. ಬಾಗಿಲು ತೆರೆಯಲಿಲ್ಲ.

ಎರಡನೆಯ ಸದ್ದು ಸ್ಪೇನಿನದು. 1911ರಲ್ಲಿ ಕೆನಡಾದ ಟೊರಾಂಟೊದಲ್ಲಿ ನೋಂದಣಿಯಾದ ಬಾರ್ಸಿಲೋನಾ ಟ್ರ್ಯಾಕ್ಷನ್ ಎಂಬ ಕಂಪನಿ ಸ್ಪೇನಿನ ಕ್ಯಾಟಲೋನಿಯಾಕ್ಕೆ ಕರೆಂಟು ಕೊಡುತ್ತಿತ್ತು. ಅದರ ಷೇರುದಾರರಲ್ಲಿ ಹೆಚ್ಚಿನವರು ಬೆಲ್ಜಿಯಮ್ಮಿನವರು ಎಂಬುದು ಬೆಲ್ಜಿಯಮ್ಮಿನ ವಾದ. 1948ರ ಫೆಬ್ರುವರಿ 12ರಂದು ರೇಊಸ್ ಎಂಬ ಸಣ್ಣ ಊರಿನ ಕೋರ್ಟು ಕಂಪನಿಯನ್ನು ದಿವಾಳಿ ಎಂದು ಸಾರಿತು. ಮುಂದೆ ಆಸ್ತಿ ಹರಾಜಾಗಿ ಹುವಾನ್ ಮಾರ್ಚ್ ಎಂಬ ಸ್ಪೇನಿನ ಸಾಹುಕಾರನ ಹೊಸ ಕಂಪನಿಯ ಪಾಲಾಯಿತು. ಬೆಲ್ಜಿಯಂ ಹೇಗ್‌ಗೆ ಹೋಯಿತು. 1970ರ ಫೆಬ್ರುವರಿ 5ರಂದು ಹದಿನೈದು ನ್ಯಾಯಾಧೀಶರು ಒಂದು ಕಡೆ, ಒಬ್ಬರು ಇನ್ನೊಂದು ಕಡೆ ನಿಂತು ತೀರ್ಪು ಬಂತು. ಅನ್ಯಾಯವಾಗಿದ್ದರೆ ಅದು ಕಂಪನಿಗೆ. ಕಂಪನಿ ಕೆನಡಾದ ಪ್ರಜೆ. ಕೇಳುವುದಾದರೆ ಕೆನಡಾ ಕೇಳಬೇಕು. ಷೇರುದಾರರ ದೇಶಕ್ಕೆ ಕೇಳುವ ಹಕ್ಕಿಲ್ಲ. ಕೆನಡಾ ಮೊಕದ್ದಮೆ ಹೂಡಲಿಲ್ಲ. ನಮ್ಮ ರೈಸ್ ಮಿಲ್ಲಿನ ತರ್ಕವೇ ಇದು. ಸುಟ್ಟದ್ದು ಕಂಪನಿಯ ಚೀಲ, ಷೇರುದಾರ ಹೊರಗೆ ನಿಲ್ಲಲಿ.

ಮುಂಬಾಗಿಲಲ್ಲಿ ಹೀಗೆ ‘ಇಲ್ಲ’ ಎನ್ನುತ್ತಿದ್ದಾಗ ಹಿತ್ತಲಲ್ಲಿ ಬೇರೆ ಕೆಲಸ ನಡೆದಿತ್ತು. 1959ರ ನವೆಂಬರ್ 25ರಂದು ಪಶ್ಚಿಮ ಜರ್ಮನಿ ಮತ್ತು ಪಾಕಿಸ್ತಾನ ಒಂದು ಕಾಗದಕ್ಕೆ ಸಹಿ ಹಾಕಿದವು. ನಿಮ್ಮವರು ನಮ್ಮಲ್ಲಿ ಹಣ ಹೂಡಿದರೆ ನಾವು ಕಾಪಾಡುತ್ತೇವೆ, ನಮ್ಮವರನ್ನು ನೀವು ಕಾಪಾಡಿ ಎಂಬ ಈ ಕಾಗದವೇ ಜಗತ್ತಿನ ಮೊದಲ ದ್ವಿಪಕ್ಷೀಯ ಹೂಡಿಕೆ ಒಪ್ಪಂದ. ಅದೇ ಹೊತ್ತಿಗೆ ವಿಶ್ವಬ್ಯಾಂಕಿನ ಮುಖ್ಯ ಕಾನೂನು ಅಧಿಕಾರಿ, ನೆದರ್‌ಲ್ಯಾಂಡ್ಸ್‌ನ ಆರನ್ ಬ್ರೋಖಸ್, ಹೂಡಿಕೆದಾರ ಮತ್ತು ಸರ್ಕಾರ ಎದುರುಬದುರಾಗಿ ಕೂರಬಹುದಾದ ಒಂದು ಪಂಚಾಯ್ತಿ ಕಟ್ಟೆಯ ನಕ್ಷೆ ಹಾಕಿದರು. 1964ರಲ್ಲಿ ವಿಶ್ವಬ್ಯಾಂಕಿನ ಟೋಕಿಯೊ ಸಭೆಯಲ್ಲಿ ಇದು ಮತಕ್ಕೆ ಬಂದಾಗ ಲ್ಯಾಟಿನ್ ಅಮೆರಿಕದ ಹತ್ತೊಂಬತ್ತು ದೇಶಗಳು, ಜೊತೆಗೆ ಇರಾಕ್ ಮತ್ತು ಫಿಲಿಪ್ಪೀನ್ಸ್, ಬೇಡವೆಂದವು. ಆದರೂ 1965ರ ಮಾರ್ಚ್ 18ರಂದು ವಾಷಿಂಗ್ಟನ್ನಿನಲ್ಲಿ ಆ ಕಟ್ಟೆಯ ಒಡಂಬಡಿಕೆ ಸಹಿಗೆ ತೆರೆದುಕೊಂಡಿತು. ಶ್ರೀರಂಗಪಟ್ಟಣದ ಒಪ್ಪಂದವಾದದ್ದೂ ಮಾರ್ಚ್ 18ರಂದೇ. ನಡುವೆ 173 ವರ್ಷ. ಭಾರತ ಆ ಒಡಂಬಡಿಕೆಗೆ ಇವತ್ತಿಗೂ ಸೇರಿಲ್ಲ.

ಕಟ್ಟೆ ಕಟ್ಟಿದವರ ಲೆಕ್ಕವೇನೆಂದರೆ, ಸರ್ಕಾರವೂ ಕಂಪನಿಯೂ ಮೊದಲೇ ಕರಾರಿನಲ್ಲಿ ಬರೆದುಕೊಂಡಿದ್ದರೆ ತಕರಾರು ಬಂದಾಗ ಇಲ್ಲಿಗೆ ಬರಲಿ ಎಂಬುದು. ಇಪ್ಪತ್ತು ವರ್ಷ ಹೆಚ್ಚುಕಡಿಮೆ ಹಾಗೇ ನಡೆಯಿತು. ಬಾಗಿಲು ಅದಕ್ಕಿಂತ ಅಗಲವಾಗಿದೆ ಎಂಬುದು ಗೊತ್ತಾದದ್ದು ಒಂದು ಸಿಗಡಿ ಸಾಕಣೆಯ ಕೊಳದ ದಂಡೆಯಲ್ಲಿ.

ಶ್ರೀಲಂಕಾದ ಪೂರ್ವ ಕರಾವಳಿಯ ಬಟ್ಟಿಕಲೋವಾ ಜಿಲ್ಲೆಯಲ್ಲಿ ಸೆರೆಂಡಿಬ್ ಸೀಫುಡ್ಸ್ ಎಂಬ ಕಂಪನಿ ಸಿಗಡಿ ಸಾಕಿ ಜಪಾನಿಗೆ ಕಳಿಸುವ ಉದ್ಯೋಗ ಹಿಡಿದಿತ್ತು. ಕಂಪನಿ ಶ್ರೀಲಂಕಾದ್ದೇ. ಅರ್ಧಕ್ಕೆ ಸ್ವಲ್ಪ ಕಡಿಮೆ ಷೇರು ಹಾಂಗ್‌ಕಾಂಗಿನ ಏಷ್ಯನ್ ಅಗ್ರಿಕಲ್ಚರಲ್ ಪ್ರಾಡಕ್ಟ್ಸ್ ಎಂಬ ಸಂಸ್ಥೆಯದು. 1987ರ ಜನವರಿ 28ರಂದು ತಮಿಳು ಹೋರಾಟಗಾರರನ್ನು ಹುಡುಕಿಕೊಂಡು ಬಂದ ಭದ್ರತಾ ಪಡೆಯ ಕಾರ್ಯಾಚರಣೆಯಲ್ಲಿ ಸಾಕಣೆ ಕೇಂದ್ರ ನೆಲಸಮವಾಯಿತು. ಅಲ್ಲಿ ದುಡಿಯುತ್ತಿದ್ದ 20ಕ್ಕೂ ಹೆಚ್ಚು ಜನ ಸತ್ತರು.

ಹಾಂಗ್‌ಕಾಂಗಿನ ಷೇರುದಾರನಿಗೂ ಶ್ರೀಲಂಕಾ ಸರ್ಕಾರಕ್ಕೂ ನಡುವೆ ಪಂಚಾಯ್ತಿಯ ಕರಾರು ಇರಲಿಲ್ಲ. ಹಳೆಯ ಕಾನೂನಿನ ಪ್ರಕಾರ ಕತೆ ಇಲ್ಲಿಗೆ ಮುಗಿಯಬೇಕಿತ್ತು. ಬಾರ್ಸಿಲೋನಾ ಮೊಕದ್ದಮೆಯ ಬೆಲ್ಜಿಯಂ ಷೇರುದಾರರಿಗಿಂತ ಇವರ ಸ್ಥಿತಿಯೇನೂ ಮೇಲಾಗಿರಲಿಲ್ಲ. ಆದರೆ 1980ರಲ್ಲಿ ಬ್ರಿಟನ್ ಮತ್ತು ಶ್ರೀಲಂಕಾ ಹೂಡಿಕೆ ಒಪ್ಪಂದ ಮಾಡಿಕೊಂಡಿದ್ದವು. ಆಗ ಬ್ರಿಟನ್ನಿನ ಕೈಯಲ್ಲಿದ್ದ ಹಾಂಗ್‌ಕಾಂಗಿಗೂ ಅದು ಅನ್ವಯವಾಗುತ್ತಿತ್ತು. ಅದರ ಎಂಟನೆಯ ಕಲಮಿನಲ್ಲಿ ಒಂದು ಮಾತಿತ್ತು. ಇನ್ನೊಂದು ದೇಶದ ಹೂಡಿಕೆದಾರ ವ್ಯಾಜ್ಯ ತಂದರೆ ವಾಷಿಂಗ್ಟನ್ ಪಂಚಾಯ್ತಿಗೆ ಬರಲು ಈ ಮೂಲಕ ಒಪ್ಪಿದ್ದೇವೆ ಎಂದು. ಒಪ್ಪುತ್ತೇವೆ ಎಂದಲ್ಲ, ಈಗಲೇ ಒಪ್ಪಿದ್ದೇವೆ ಎಂದು. ಊರಿನಲ್ಲಿ ಡಂಗುರ ಸಾರಿಸಿದ ಹಾಗೆ: ಯಾರಿಗಾದರೂ ತಕರಾರಿದ್ದರೆ ಬನ್ನಿ. ಡಂಗುರ ಕೇಳಿದವನು ಚಾವಡಿಗೆ ಬಂದು ‘ನಾನು ಬಂದಿದ್ದೇನೆ’ ಎಂದರೆ ಮುಗಿಯಿತು, ಎರಡು ಕಡೆಯ ಒಪ್ಪಿಗೆಯೂ ಕೂಡಿತು. ಷೇರನ್ನೂ ಒಪ್ಪಂದ ‘ಹೂಡಿಕೆ’ ಎಂದೇ ಕರೆದಿತ್ತು. ಹಾಗಾಗಿ ಷೇರುದಾರ ಕಂಪನಿಯ ಬೆನ್ನ ಹಿಂದೆ ನಿಲ್ಲಬೇಕಾಗಿರಲಿಲ್ಲ.

ಹಾಂಗ್‌ಕಾಂಗಿನ ಸಂಸ್ಥೆ ಆ ಕಲಮನ್ನು ಹಿಡಿದು ಒಳಗೆ ಬಂತು. 1990ರ ಜೂನ್ 27ರಂದು ಮೂವರು ಪಂಚರ ಐತೀರ್ಪು ಹೊರಬಿತ್ತು. ಒಬ್ಬರು ಒಪ್ಪಲಿಲ್ಲ, ಇಬ್ಬರು ಕಂಪನಿಯ ಪರ. ಕಾಪಾಡಬೇಕಿದ್ದ ಸರ್ಕಾರ ತಕ್ಕ ಎಚ್ಚರ ವಹಿಸಲಿಲ್ಲ, ಹಾಂಗ್‌ಕಾಂಗಿನ ಕಂಪನಿಗೆ 4,60,000 ಡಾಲರ್ ಮತ್ತು ಬಡ್ಡಿ ಕೊಡಬೇಕು. ದೇಶ ದೇಶಗಳು ತಮ್ಮೊಳಗೆ ಮಾಡಿಕೊಂಡ ಒಪ್ಪಂದವನ್ನೇ ಹಿಡಿದು ಒಂದು ಕಂಪನಿ ಒಂದು ದೇಶವನ್ನು ಸೋಲಿಸಿದ್ದು ಅದೇ ಮೊದಲು. ಬಾಗಿಲು ಪತ್ತೆಯಾಯಿತು. ಮುಂದಿನ ದಶಕಗಳಲ್ಲಿ ನೂರಾರು ಕಂಪನಿಗಳು ಅದೇ ದಾರಿ ಹಿಡಿದವು.

ಆ ಐತೀರ್ಪು ಲೆಕ್ಕ ಹಾಕಿದ್ದು ಷೇರಿನ ಬೆಲೆಯನ್ನು. ಸತ್ತ ಕೆಲಸಗಾರರ ಮನೆಯವರು ಆ ಮೊಕದ್ದಮೆಯಲ್ಲಿ ವಾದಿಗಳಾಗಿರಲಿಲ್ಲ, ಆಗಲು ಸಾಧ್ಯವೂ ಇರಲಿಲ್ಲ. ಬಾಗಿಲು ಹೂಡಿಕೆದಾರನಿಗೆ ಮಾತ್ರ ಇತ್ತು. ಕೊಳ ಒಂದೇ, ದಿನ ಒಂದೇ, ಗುಂಡು ಒಂದೇ. ಹಣ ಹಾಕಿದವನಿಗೆ ಅಂತರರಾಷ್ಟ್ರೀಯ ಪಂಚಾಯ್ತಿ ಸಿಕ್ಕಿತು, ಜೀವ ಕಳೆದುಕೊಂಡವನ ಮನೆಗೆ ಸಿಗಲಿಲ್ಲ. ಈ ಆವಿಷ್ಕಾರದ ಕತೆಯಲ್ಲಿ ನನ್ನನ್ನು ಬಿಡದೆ ಕಾಡುವುದು ಇದೇ.

ಆ ಬಾಗಿಲಿನ ಅಗಲ ನಮ್ಮ ರಾಜ್ಯಕ್ಕೆ ಗೊತ್ತಾದದ್ದು ಬೆಂಗಳೂರಿನಿಂದ. 2004ರ ಡಿಸೆಂಬರ್ 17ರಂದು ದೇವಾಸ್ ಮಲ್ಟಿಮೀಡಿಯಾ ನೋಂದಣಿಯಾಯಿತು. 42 ದಿನಕ್ಕೆ, 2005ರ ಜನವರಿ 28ರಂದು, ಇಸ್ರೋದ ವಾಣಿಜ್ಯ ಸಂಸ್ಥೆ ಆಂಟ್ರಿಕ್ಸ್ ಅದರ ಜೊತೆ ಕರಾರು ಮಾಡಿಕೊಂಡಿತು. ಎರಡು ಉಪಗ್ರಹಗಳ 70 ಮೆಗಾಹರ್ಟ್ಸ್ ಎಸ್-ಬ್ಯಾಂಡ್ ತರಂಗಾಂತರ ದೇವಾಸ್‌ಗೆ ಗುತ್ತಿಗೆ. 2011ರ ಫೆಬ್ರುವರಿಯಲ್ಲಿ ದೇಶದ ರಕ್ಷಣೆ ಮತ್ತು ಇತರ ಅಗತ್ಯಗಳಿಗೆ ತರಂಗಾಂತರ ಬೇಕೆಂದು ಕೇಂದ್ರ ಸರ್ಕಾರ ತೀರ್ಮಾನಿಸಿತು, ಆಂಟ್ರಿಕ್ಸ್ ಕರಾರು ರದ್ದು ಮಾಡಿತು.

ಒಂದೇ ರದ್ದತಿಗೆ ಮೂರು ಬಾಗಿಲು ತಟ್ಟಲಾಯಿತು. ದೇವಾಸ್ ತನ್ನ ಕರಾರು ಹಿಡಿದು ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿಗೆ ಹೋಯಿತು, 2015ರಲ್ಲಿ 56.25 ಕೋಟಿ ಡಾಲರಿನ ಐತೀರ್ಪು ಪಡೆಯಿತು. ದೇವಾಸ್‌ನಲ್ಲಿ ಷೇರಿದ್ದ ಮಾರಿಷಸ್‌ನ ಮೂರು ಕಂಪನಿಗಳು ಭಾರತ-ಮಾರಿಷಸ್ ಒಪ್ಪಂದ ಹಿಡಿದು ಭಾರತ ಸರ್ಕಾರದ ಮೇಲೆಯೇ ದೂರು ಕೊಟ್ಟವು. 60 ಪಾಲು ತರಂಗಾಂತರಕ್ಕೆ ದೇಶದ ಭದ್ರತೆಯ ಕಾರಣ ಒಪ್ಪುತ್ತೇವೆ, ಉಳಿದ 40 ಪಾಲಿಗೆ ಒಪ್ಪುವುದಿಲ್ಲ ಎಂದು ಪಂಚರು 2016ರಲ್ಲಿ ಹೇಳಿದರು, 2020ರಲ್ಲಿ 11.1 ಕೋಟಿ ಡಾಲರ್ ಗೊತ್ತುಮಾಡಿದರು. ಸಿಂಗಪುರದ ಉಪಕಂಪನಿಯ ಮೂಲಕ ಷೇರು ಹೊಂದಿದ್ದ ಡಾಯ್ಚ ಟೆಲಿಕಾಂ ಭಾರತ-ಜರ್ಮನಿ ಒಪ್ಪಂದ ಹಿಡಿಯಿತು; 9.33 ಕೋಟಿ ಡಾಲರ್. ಬಾರ್ಸಿಲೋನಾ ತೀರ್ಪು ಕಂಪನಿಗೆ ಒಂದೇ ತವರು ಎಂದಿತ್ತು. ಬೆಂಗಳೂರಿನ ಕಂಪನಿಗೆ ಮೂರು ತವರು ಹುಟ್ಟಿಕೊಂಡವು.

ಭಾರತದ ನ್ಯಾಯಾಲಯಗಳು ಕತೆಯ ಬುಡಕ್ಕೇ ಹೋದವು. ವಂಚನೆಯ ಉದ್ದೇಶದಿಂದ ಹುಟ್ಟಿದ ಕಂಪನಿ ಎಂದು ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯ ಬೆಂಗಳೂರು ಪೀಠ 2021ರ ಮೇ ತಿಂಗಳಲ್ಲಿ ದೇವಾಸ್‌ನ ವಿಸರ್ಜನೆಗೆ ಆದೇಶ ಕೊಟ್ಟಿತು. 2022ರ ಜನವರಿ 17ರಂದು ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅದೇ ವರ್ಷ ದೆಹಲಿ ಹೈಕೋರ್ಟ್ ವಾಣಿಜ್ಯ ಮಂಡಳಿಯ ಐತೀರ್ಪನ್ನೂ ರದ್ದು ಮಾಡಿತು. ಕಂಪನಿ ಇಲ್ಲಿ ಮುಗಿದರೂ ಷೇರುದಾರರು ಹೊರದೇಶಗಳಲ್ಲಿ ಹೋರಾಟ ನಿಲ್ಲಿಸಲಿಲ್ಲ. ಪ್ಯಾರಿಸ್ಸಿನಲ್ಲಿ ಭಾರತ ಸರ್ಕಾರದ ಒಂದು ಫ್ಲ್ಯಾಟಿನ ಮೇಲೆ ಜಪ್ತಿ ಆದೇಶ ಬಂತು. 2025ರ ಜೂನ್ 5ರಂದು ಅಮೆರಿಕದ ಸುಪ್ರೀಂ ಕೋರ್ಟ್ ಆಂಟ್ರಿಕ್ಸ್ ಮೇಲಿನ ಮೊಕದ್ದಮೆಗೆ ಅಲ್ಲಿ ಮತ್ತೆ ದಾರಿ ಬಿಟ್ಟಿತು. ಕರಾರು ಸರಿಯೋ ತಪ್ಪೋ, ಒಂದು ಮಾತು ಗಟ್ಟಿ: ಹೂಡಿಕೆ ಒಪ್ಪಂದಕ್ಕೆ ಹಾಕಿದ ಸಹಿ ಇಪ್ಪತ್ತು ವರ್ಷದ ನಂತರವೂ ಮನೆ ಬಾಗಿಲಿಗೆ ಬರುತ್ತದೆ.

ಭಾರತ ಪಾಠ ಕಲಿಯಿತು. 2015ರ ಕೊನೆಯಲ್ಲಿ ಹೊಸ ಮಾದರಿ ಒಪ್ಪಂದ ಬರೆದು ಐವತ್ತಕ್ಕೂ ಹೆಚ್ಚು ದೇಶಗಳ ಹಳೆಯ ಒಪ್ಪಂದಗಳನ್ನು ಕೈಬಿಡುವ ನೋಟಿಸು ಕೊಟ್ಟಿತು. ಹೊಸ ಮಾದರಿಯ ಪ್ರಕಾರ ಪರದೇಶಿ ಹೂಡಿಕೆದಾರ ಮೊದಲು ಐದು ವರ್ಷ ನಮ್ಮ ಕೋರ್ಟುಗಳಲ್ಲಿ ನ್ಯಾಯ ಕೇಳಬೇಕು; ಆಮೇಲಷ್ಟೇ ಹೊರಗಿನ ಪಂಚಾಯ್ತಿ. 2024ರಲ್ಲಿ ಯುಎಇ ಜೊತೆ ಮಾಡಿಕೊಂಡ ಒಪ್ಪಂದದಲ್ಲಿ ಅದು ಮೂರು ವರ್ಷಕ್ಕೆ ಇಳಿಯಿತು.

ಇದೆಲ್ಲ ಕಂಪನಿಯ ಹಕ್ಕಿನ ಕತೆ. ಹೊಣೆಯ ಕತೆ ಎಲ್ಲಿದೆ? ಭೋಪಾಲದ ವಿಷಾನಿಲ ದುರಂತದ ಸಂತ್ರಸ್ತರು ಯೂನಿಯನ್ ಕಾರ್ಬೈಡಿನ ತವರಾದ ಅಮೆರಿಕದಲ್ಲೇ ನ್ಯಾಯ ಕೇಳಿದರು. ಇದು ಭಾರತದ ಕೋರ್ಟಿನ ಕೆಲಸ ಎಂದು ನ್ಯೂಯಾರ್ಕಿನ ನ್ಯಾಯಾಧೀಶರು 1986ರಲ್ಲಿ ವಾಪಸು ಕಳಿಸಿದರು. ಹೂಡಿಕೆದಾರನಿಗೆ ತೆರೆದ ಬಾಗಿಲು ಹೊಗೆ ಕುಡಿದವನಿಗೆ ಮುಚ್ಚಿತ್ತು. 2011ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕು ಮಂಡಳಿ ಉದ್ಯಮಗಳಿಗೆ ಮಾರ್ಗಸೂಚಿ ಒಪ್ಪಿತು; ಅದು ಬುದ್ಧಿಮಾತು, ಕಡ್ಡಾಯವಲ್ಲ. 2014ರ ಜೂನ್ 26ರಂದು ಈಕ್ವೆಡಾರ್ ಮತ್ತು ದಕ್ಷಿಣ ಆಫ್ರಿಕಾ ಮುಂದಾಗಿ, ಕಡ್ಡಾಯ ಒಪ್ಪಂದವೇ ಬೇಕೆಂಬ ನಿರ್ಣಯ ತಂದವು. ಪರ 20 ಮತ, ವಿರೋಧ 14. ಭಾರತ ಪರವಾಗಿ ಮತ ಹಾಕಿತು. ಆ ಒಪ್ಪಂದದ ಕರಡು ವರ್ಷ ವರ್ಷ ಜಿನೀವಾದಲ್ಲಿ ಚರ್ಚೆಯಾಗುತ್ತ ಬಂದಿದೆ.

ಕೊಪ್ಪಳಕ್ಕೆ ಇದು ದೂರದ ಮಾತಲ್ಲ. 2025ರ ಫೆಬ್ರುವರಿಯಲ್ಲಿ ಊರಿಗೆ ಅಂಟಿಕೊಂಡು ಇನ್ನೊಂದು ದೊಡ್ಡ ಉಕ್ಕಿನ ಕಾರ್ಖಾನೆ ಬೇಡವೆಂದು ಇಡೀ ಪಟ್ಟಣ ಬಂದ್ ಆಚರಿಸಿತು. ಗವಿಮಠದ ಸ್ವಾಮೀಜಿಯವರು ಜನರ ಜೊತೆ ಬೀದಿಗಿಳಿದರು. ಬೂದಿ, ಧೂಳು, ನೀರು, ಉಸಿರಾಟ ಎಂಬ ಮಾತುಗಳು ಅಲ್ಲಿ ಕೇಳಿದವು. ಪೂರ್ತಿ ಸ್ವದೇಶಿ ಕಂಪನಿಗೆ ಹೂಡಿಕೆ ಒಪ್ಪಂದದ ಬಾಗಿಲಿಲ್ಲ ಎಂಬುದು ನಿಜ. ಆದರೆ ಕುಷ್ಟಗಿ ಕಡೆಯ ಒಂದು ಗ್ರಾನೈಟ್ ಕ್ವಾರಿಯಲ್ಲಾಗಲಿ, ಗಂಗಾವತಿಯ ಒಂದು ಮಿಲ್ಲಿನಲ್ಲಾಗಲಿ ನಾಳೆ ಪರದೇಶದ ಷೇರು ಸೇರಿದರೆ, ಆ ದೇಶದ ಜೊತೆ ನಮ್ಮ ಒಪ್ಪಂದವಿದ್ದರೆ, ಇಲ್ಲಿನ ಒಂದು ಸರ್ಕಾರಿ ಆದೇಶ ಹೊರದೇಶದ ಪಂಚಾಯ್ತಿಯಲ್ಲಿ ಚರ್ಚೆಯಾಗಬಹುದು. ಪಕ್ಕದ ಹೊಲದ ರೈತನ ದೂರು ಮಾತ್ರ ತಾಲ್ಲೂಕು ದಾಟಲು ಹೆಣಗಬೇಕು.

ಕಂಪನಿ ಕಾನೂನಿನ ವ್ಯಕ್ತಿ ಎಂಬುದರಲ್ಲಿ ನನಗೆ ತಕರಾರಿಲ್ಲ. ಅದಿಲ್ಲದೆ ಉದ್ಯೋಗ ಬೆಳೆಯುವುದಿಲ್ಲ, ಹಣ ಹೂಡಿದವನಿಗೆ ಭದ್ರತೆ ಬೇಕು. ದೇವರ ಹೆಸರಿನ ಹೊಲದ ಫಸಲು ಗುಡಿಯ ದೀಪಕ್ಕೆ, ಊರ ದಾಸೋಹಕ್ಕೆ ಹೋಗಬೇಕೆಂಬ ಕಟ್ಟಳೆ ಆ ಪಹಣಿಯ ಜೊತೆಗೇ ಬಂದಿದೆ. ಹಕ್ಕು ಕೊಟ್ಟಾಗ ಹೊಣೆಯನ್ನೂ ಕೊಡುವುದು ನಮ್ಮ ಹಿರಿಯರಿಗೆ ಗೊತ್ತಿತ್ತು. ಹೂಡಿಕೆ ಒಪ್ಪಂದ ಬರೆಯುವವರೂ ಅಷ್ಟು ಮಾಡಲಿ. ನಿಮ್ಮೂರಿಗೆ ಕಂಪನಿ ಬಂದಾಗ ಎಷ್ಟು ಕೆಲಸ ಕೊಡುತ್ತೀರಿ ಎಂದು ಕೇಳುವುದರ ಜೊತೆಗೆ ಇನ್ನೆರಡು ಪ್ರಶ್ನೆ ಕೇಳಿ: ಇದರ ಷೇರು ಯಾವ ದೇಶದ ಕೈಯಲ್ಲಿದೆ? ನಮಗೆ ಕೇಡಾದರೆ ನಾವು ಯಾವ ಬಾಗಿಲು ತಟ್ಟಬೇಕು? ಗ್ರಾಮಸಭೆಯ ನಡಾವಳಿ ಪುಸ್ತಕದಲ್ಲಿ ಈ ಎರಡು ಪ್ರಶ್ನೆಯನ್ನೂ, ಅವರು ಕೊಟ್ಟ ಉತ್ತರವನ್ನೂ ಬರೆಸಿ.